ಅನಾಫಿಲೀಸ್ ಇದ್ದೂ ಮಲೇರಿಯಾ ಇಲ್ಲದ ಹಳ್ಳಿಗಳು

ಮಲೇರಿಯಾವನ್ನು ಹರಡುವುದು ಅನಾಫಿಲೀಸ್ ಸೊಳ್ಳೆಯೆಂದು ಸಿದ್ಧವಾದ ಮೇಲೂ ಯೂರೋಪಿನ ವಿದ್ವಾಂಸರಿಗೆ ಒಂದು ತೊಡಕು ಉಳಿಯಿತು. ರೋಮಿನ ದಕ್ಷಿಣಕ್ಕಿರುವ ಪಾಂಟೈನ್ ಜೌಗುನೆಲದ ಹಳ್ಳಿಗರು ಜ್ವರದಿಂದ ನವೆಯುತ್ತಿರಲು, ಅದೇ ಮ್ಯಾಕ್ಯುಲಿಪೆನ್ನಿಸ್ ಜಾತಿಯ ಸೊಳ್ಳೆ ತುಂಬಿದ್ದ ಬೇರೆ ಎಷ್ಟೋ ಹಳ್ಳಿಗಳಲ್ಲಿ ರೋಗದ ಸುಳಿವೇ ಇರಲಿಲ್ಲ. ೧೯೨೦ರಲ್ಲಿ ಫ್ರಾನ್ಸಿನ ರೂಬೋ, ಕೊಟ್ಟಿಗೆಯ ದನಗಳೇ ಸೊಳ್ಳೆಯನ್ನು ತಮ್ಮತ್ತ ಸೆಳೆದು ಮನುಷ್ಯನನ್ನು ಕಾಯುತ್ತವೆಂದು ವಾದಿಸಿದನು. ಇದು ಅರ್ಧ ಸತ್ಯ; ಪಾಂಟೈನ್ ಪ್ರದೇಶದಲ್ಲಿಯೂ ಎಮ್ಮೆಗಳಿಗೇನೂ ಕೊರತೆಯಿರಲಿಲ್ಲ.

ಉತ್ತರವು ದೊರೆತದ್ದು ಮೊಟ್ಟೆಯಲ್ಲಿ. ೧೯೨೬ರಲ್ಲಿ ಇಟಲಿಯ ಫಾಲ್ಲೆರೋನಿ ಮೊಟ್ಟೆಯ ಮೇಲಣ ಪಟ್ಟೆಗಳಿಂದ ಆ ಒಂದೇ ಜಾತಿಯಲ್ಲಿ ಭೇದಗಳನ್ನು ಗುರುತಿಸಿದನು. ಅವುಗಳಲ್ಲಿ ಲಾಬ್ರಾಂಕಿಯೆ ಎಂಬುದು ಮನುಷ್ಯನನ್ನು ಅರಸುವುದು. ಮೆಸ್ಸೆಯೆ ಬಹುಮಟ್ಟಿಗೆ ದನದ ರಕ್ತದಿಂದಲೇ ತೃಪ್ತವಾಗುವುದು. ೧೯೩೭ರಲ್ಲಿ ಸ್ವೀಟ್ ಮತ್ತು ರಾವ್ ಅವರು ನಮ್ಮ ಸ್ಟಿಫೆನ್ಸಿ ಸೊಳ್ಳೆಯಲ್ಲಿಯೂ ಮೊಟ್ಟೆಯ ಲಕ್ಷಣದಿಂದಲೇ ಭೇದವನ್ನು ಕಂಡರು. ಹಳ್ಳಿಗಾಡಿನ, ದನವನ್ನೇ ಹೆಚ್ಚಾಗಿ ಕಚ್ಚುವ ಬಗೆಗೆ ಮೈಸೋರೆನ್ಸಿಸ್ ಎಂದು ಹೆಸರಾಯಿತು.