ಹುಲ್ಲು, ನೀರು, ಹಳಿ

ಅಮೆರಿಕದ ಪಶ್ಚಿಮಕ್ಕೆ ದಾರಿಯಾದ ಕಥೆಯನ್ನು ಬಹಳ ಜನ 1869ರಿಂದ, ರೈಲು ಖಂಡ ದಾಟಿದ ವರ್ಷದಿಂದ ಶುರುಮಾಡುತ್ತಾರೆ. ಅದು ಅರ್ಧ ಕಥೆ ಮಾತ್ರ. ಹಳಿ ಬೀಳುವ ಮೊದಲೇ ಆ ದಾರಿಯ ಬಹುಭಾಗವನ್ನು ಎತ್ತಿನ ಗೊರಸು ತುಳಿದಾಗಿತ್ತು. ಅದಕ್ಕೂ ಎಷ್ಟೋ ಮುಂಚಿನಿಂದ ಮೂಲನಿವಾಸಿಗಳು ಆ ಜಾಡುಗಳನ್ನು ಬಲ್ಲವರಾಗಿದ್ದರು.

1821ರಲ್ಲಿ ವಿಲಿಯಂ ಬೆಕ್ನೆಲ್ ಮಿಸೌರಿಯಿಂದ ಸಾಂಟಾ ಫೆಗೆ ಸರಕು ಒಯ್ದ. ಅದು ವ್ಯಾಪಾರಿಗಳ ದಾರಿ. ಸಂಸಾರ ಕಟ್ಟಿಕೊಂಡು ಹೊರಟವರು ಹಿಡಿದದ್ದು ಸುಮಾರು 3,200 ಕಿ.ಮೀ. ಉದ್ದದ ಆರೆಗಾನ್ ದಾರಿಯನ್ನು. ರಾಕಿ ಪರ್ವತಸಾಲಿನಲ್ಲಿ ಗಾಡಿ ಹತ್ತಬಲ್ಲ ಸೌತ್ ಪಾಸ್ ಸಿಗದಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ. 1843ರಲ್ಲಿ ಸುಮಾರು ಸಾವಿರ ಮಂದಿ ಒಟ್ಟಾಗಿ ಹೊರಟ ಮೇಲೆ ವರ್ಷವರ್ಷವೂ ಜನ ಹೆಚ್ಚಿದರು.

ಕಮಾನು ಗಾಡಿಯಲ್ಲಿ ಕುಳಿತವರು ಕಡಿಮೆ. ಹಿಟ್ಟು, ಉಪ್ಪುಹಾಕಿದ ಮಾಂಸ, ಹಾಸಿಗೆ, ಸಲಕರಣೆಗಳಿಂದಲೇ ಗಾಡಿ ತುಂಬಿರುತ್ತಿತ್ತು. ಹೆಂಗಸರು ಮಕ್ಕಳೂ ಹೆಚ್ಚಿನ ದೂರ ನಡೆದೇ ಸವೆಸಿದರು. ವಸಂತದಲ್ಲಿ ಹುಲ್ಲು ಚಿಗುರುವ ಮೊದಲು ಹೊರಟರೆ ಎತ್ತಿಗೆ ಮೇವಿಲ್ಲ, ತಡಮಾಡಿದರೆ ಮುಂದೆ ಹಿಮ. 1846ರಲ್ಲಿ ತಡವಾಗಿ ಸಿಯೆರಾ ನೆವಾಡ ತಲುಪಿದ ಡಾನರ್ ತಂಡದ 87 ಮಂದಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತರು. ಆದರೂ ಒಟ್ಟಾರೆ ಹೆಚ್ಚು ಜನರನ್ನು ಕೊಂದದ್ದು ಹಿಮವಲ್ಲ, ಕಾಲರಾದಂಥ ರೋಗಗಳು.

1847ರಲ್ಲಿ ಮಾರ್ಮನ್ ಪಂಥದವರ ಜೊತೆ ಹೊರಟ ವಿಲಿಯಂ ಕ್ಲೇಟನ್ ಗಾಡಿಯ ಗಾಲಿಗೆ ಕೆಂಪು ಬಟ್ಟೆ ಕಟ್ಟಿ ಅದರ ಸುತ್ತುಗಳನ್ನು ದಿನವಿಡೀ ಎಣಿಸಿದ. 360 ಸುತ್ತಿಗೆ ಒಂದು ಮೈಲಿ. ಬಳಿಕ ಬಡಗಿಯೊಬ್ಬ ಮರದ ಹಲ್ಲುಗಾಲಿಗಳ ಮಾಪಕ ಮಾಡಿಕೊಟ್ಟ. ಮರುವರ್ಷ ಅಚ್ಚಾದ ಕ್ಲೇಟನ್‌ನ ಕೈಪಿಡಿಯಲ್ಲಿ ನೀರೆಲ್ಲಿ, ಮೇವೆಲ್ಲಿ, ಎಷ್ಟು ದೂರ ಎಂಬುದೆಲ್ಲ ಇತ್ತು. ನನ್ನ ದೃಷ್ಟಿಯಲ್ಲಿ ಆ ಕಾಲದ ಅತ್ಯಂತ ಉಪಕಾರಿ ಪುಸ್ತಕಗಳಲ್ಲಿ ಅದೊಂದು.

1858ರಿಂದ ಬಟರ್‌ಫೀಲ್ಡ್ ಕಂಪನಿಯ ಕುದುರೆಗಾಡಿಗಳು ಸುಮಾರು 25 ದಿನಗಳಲ್ಲಿ ಪಶ್ಚಿಮ ಕರಾವಳಿಗೆ ಟಪಾಲು ಮುಟ್ಟಿಸಿದವು. 1860ರ ಕುದುರೆ ಸವಾರರ ಟಪಾಲು ಸೇವೆ ಪೋನಿ ಎಕ್ಸ್‌ಪ್ರೆಸ್ ಅದನ್ನು ಹತ್ತು ದಿನಕ್ಕೆ ಇಳಿಸಿತು. ಮರುವರ್ಷ ತಂತಿ ಬಂದೊಡನೆ ಅದೂ ನಿಂತಿತು.

ಪೂರ್ವದಲ್ಲಿ 1830ರಲ್ಲಿ ಬಾಲ್ಟಿಮೋರ್ ಬಳಿ ಮೊದಲ ರೈಲುಗಾಡಿಗಳನ್ನು ಕುದುರೆಗಳು ಎಳೆದಿದ್ದವು. ಖಂಡ ದಾಟುವ ಹಳಿಗೆ ಒಪ್ಪಿಗೆ ಕೊಟ್ಟ 1862ರ ಪೆಸಿಫಿಕ್ ರೈಲ್ವೆ ಕಾಯ್ದೆಯ ಹೊತ್ತಿಗೆ ಉಗಿ ಎಂಜಿನ್ನು ಬಲಿತಿತ್ತು. ಒಮಾಹಾದಿಂದ ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿ ಹಳೆಯ ಗಾಡಿದಾರಿಯಂತೆ ಪ್ಲಾಟ್ ನದಿಯನ್ನೇ ಹಿಡಿದು ಹೋಯಿತು. ಸೌತ್ ಪಾಸನ್ನು ಮಾತ್ರ ಬಿಟ್ಟು ದಕ್ಷಿಣಕ್ಕೆ ಸರಿಯಿತು. ಎತ್ತಿಗೆ ಹುಲ್ಲು ಬೇಕಿತ್ತು, ಎಂಜಿನ್ನಿಗೆ ಕಲ್ಲಿದ್ದಲು. ಅದು ದಕ್ಷಿಣ ವಯೋಮಿಂಗ್‌ನಲ್ಲಿತ್ತು.

ಸ್ಯಾಕ್ರಮೆಂಟೊ ಕಡೆಯಿಂದ ಬಂದ ಸೆಂಟ್ರಲ್ ಪೆಸಿಫಿಕ್‌ಗೆ ಎದುರಾದದ್ದು ಸಿಯೆರಾದ ಗ್ರಾನೈಟ್. ಸುಮಾರು 500 ಮೀಟರಿನ ಸಮ್ಮಿಟ್ ಸುರಂಗವನ್ನು ಚೀನೀ ಕಾರ್ಮಿಕರು ನಾಲ್ಕು ಮುಖಗಳಿಂದ, ಚಳಿಗಾಲದಲ್ಲೂ ಬಿಡದೆ ಕೊರೆದರು. ಕೆಲವು ದಿನ ಒಂದು ಮುಖ ಸರಿಯುತ್ತಿದ್ದುದು ಒಂದಡಿಯಷ್ಟೇ. ಬಿಳಿಯರಿಗೆ ಊಟ ಕಂಪನಿಯದು, ಇವರಿಗೆ ಸ್ವಂತ ಖರ್ಚು. 1867ರ ಜೂನ್‌ನಲ್ಲಿ ಇವರು ಮುಷ್ಕರ ಹೂಡಿದಾಗ ಕಂಪನಿ ಆಹಾರ ಸರಬರಾಜನ್ನೇ ತಡೆದು ಮುರಿಯಿತು.

1869ರ ಮೇ 10ರಂದು ಯೂಟಾದ ಪ್ರೊಮಾಂಟರಿಯಲ್ಲಿ ಹಳಿಗಳು ಕೂಡಿದವು. ತಿಂಗಳುಗಟ್ಟಲೆಯ ಪ್ರಯಾಣ ಸುಮಾರು ಒಂದು ವಾರಕ್ಕಿಳಿಯಿತು. ಲಕೋಟಾ, ಷಾಯೆನ್ ಮುಂತಾದವರ ಬೇಟೆನೆಲ ಸೀಳಿಹೋಯಿತು; ರೈಲಿನ ಬೆನ್ನಿಗೇ ಬಂದ ಬೇಟೆಗಾರರು ಕಾಡೆಮ್ಮೆಗಳನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದರು. ಗ್ರಾನೈಟ್ ಕೊರೆದವರ ದೇಶದ ಕಾರ್ಮಿಕರು ಅಮೆರಿಕಕ್ಕೆ ಬರುವುದನ್ನೇ 1882ರ ಕಾನೂನು ನಿಷೇಧಿಸಿತು. ಅದು ರದ್ದಾದದ್ದು 1943ರಲ್ಲಿ.