ಖಡಿ ಒಡೆಯಲು ಬಂದ ಹೊಸ ಮುಖಗಳು

ನಮ್ಮ ಸೀಮೆಯಲ್ಲಿ ಸರ್ಕಾರ ಬರವನ್ನು ಅಳೆದದ್ದು ಮಳೆಯ ಲೆಕ್ಕದಿಂದಷ್ಟೇ ಅಲ್ಲ, ಕೆಲಸ ಕೇಳಿ ಬಂದವರ ತಲೆ ಎಣಿಸಿ. ಈ ಪದ್ಧತಿಯ ಬೇರು 1876–78ರ ಬರದಲ್ಲಿದೆ. ಆಗ ಬೈಲಹೊಂಗಲ, ಕಿತ್ತೂರು ಸಂಪಗಾಂವ ತಾಲ್ಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲ್ಲೂಕಿನ ಕಚೇರಿ ಊರು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಕಿತ್ತೂರಿನಿಂದ ಮೂಡಲಿಗೆ ಹೋದಷ್ಟೂ ಮಳೆ ತೆಳ್ಳಗಾಗುವ ಈ ಎರೆನಾಡಿನಲ್ಲಿ ಜೋಳ ಕೈಕೊಟ್ಟರೆ ಕೂಲಿಯೂ ಹೋದಂತೆಯೇ.

ಬ್ರಿಟಿಷರು ರಸ್ತೆ, ಕೆರೆಗಳ ಕಾಮಗಾರಿ ತೆರೆದರು. 1877ರ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಒತ್ತಾಯದಿಂದ ದಿನಗೂಲಿ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಯಿತು. ಒಂದು ಪೌಂಡೆಂದರೆ ಅರ್ಧ ಕಿಲೋಕ್ಕೂ ಕಡಿಮೆ. ದಿನವಿಡೀ ಮಣ್ಣು ಹೊರುವವನ ಹೊಟ್ಟೆಗೆ ಅದು ಸಾಲುವುದೇ? ಮುಂಬೈ ಪ್ರಾಂತದಲ್ಲಿ ಸಾವಿರಾರು ಜನ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭಾ ಅವರ ಪರ ನಿಂತು ಅರ್ಜಿ ಬರೆಯಿತು. ಬೆಳಗಾವಿ ಜಿಲ್ಲೆಯ ಜನಸಂಖ್ಯೆ 1872ರ ಗಣತಿಗಿಂತ 1881ರಲ್ಲಿ ಕಡಿಮೆಯಾಗಿತ್ತು.

1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು, 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಯಿತು. ಅದರಲ್ಲಿ ಪರೀಕ್ಷಾ ಕಾಮಗಾರಿ ಎಂಬ ಕ್ರಮವಿತ್ತು: ಮೊದಲು ಒಂದು ಸಣ್ಣ ಕೆಲಸ ತೆರೆಯಬೇಕು, ಕೂಲಿ ಕಡಿಮೆ ಇರಬೇಕು, ದುಡಿತ ಕಠಿಣವಿರಬೇಕು. ಆದರೂ ಜನ ಬಂದರೆ ಬರ ನಿಜ. ಇದರ ಅರ್ಧ ತಿಳಿವಳಿಕೆಯದು, ಅರ್ಧ ಕ್ರೌರ್ಯದ್ದು. ಬಂದವರ ಸಂಕಟ ಲೆಕ್ಕಕ್ಕೆ ಸಿಕ್ಕಿತು. ಬರಲು ತ್ರಾಣವಿಲ್ಲದೆ ಮನೆಯಲ್ಲಿ ಬಿದ್ದವರದು, ಗುಳೆ ಹೋದವರದು ಸಿಗಲಿಲ್ಲ.

1972ರ ಬರದಲ್ಲಿ ನಮ್ಮ ಅವ್ವ ರಾಮದುರ್ಗದ ಕಡೆ ಬರದ ಕಾಮಗಾರಿಯಲ್ಲಿ ಖಡಿ ಒಡೆದಳು. “ಮೊದಲ ದಿನ ನಮ್ಮಂಥ ಕೂಲ್ಯಾರು ಬಂದ್ವಿ. ಆಮ್ಯಾಲ ಹೊಲ ಇದ್ದಾರೂ ಬಂದ್ರು. ಆಮ್ಯಾಲ ಮಗ್ಗದಾರು ಬಂದ್ರು. ಅವತ್ತ ಅಂಜಿಕಿ ಬಂತ್ ನನಗ,” ಅನ್ನುತ್ತಿದ್ದಳು. ಅವಳ ಅಂಜಿಕೆಯಲ್ಲಿ ಅರ್ಥವಿತ್ತು. ಕೂಲಿಯವರು ಬೇಸಿಗೆಯಲ್ಲಿ ಕೆಲಸ ಹುಡುಕುವುದು ಪ್ರತಿ ವರ್ಷದ ಮಾತು. ಸುರೇಬಾನದ ನೇಕಾರ ಸುತ್ತಿಗೆ ಹಿಡಿದನೆಂದರೆ ಸೀರೆ ಕೊಳ್ಳುವವರೇ ಇಲ್ಲವೆಂದು ತಿಳಿಯಬೇಕು. ಸಂಕಟ ಎಷ್ಟು ಮೇಲಕ್ಕೆ ಏರಿತೆಂದು ಹೇಳುವುದು ಸಾಲಿನ ಉದ್ದವಲ್ಲ, ಸಾಲಿಗೆ ಮೊದಲ ಸಲ ಬಂದು ನಿಂತವರು. ಅಮೆರಿಕದಲ್ಲಿ ನಿರುದ್ಯೋಗ ಭತ್ಯೆಗೆ ಹೊಸದಾಗಿ ಅರ್ಜಿ ಹಾಕಿದವರ ಸಂಖ್ಯೆಯನ್ನು ಕಾರ್ಮಿಕ ಇಲಾಖೆ ವಾರವಾರವೂ ಪ್ರಕಟಿಸುತ್ತದೆ, ಸಾಮಾನ್ಯವಾಗಿ ಗುರುವಾರ. ಅಲ್ಲಿನ ಅರ್ಥಶಾಸ್ತ್ರಜ್ಞರು ಕಾಯುವುದೂ ಅವ್ವ ಕಂಡ ಆ ಹೊಸ ಮುಖಗಳಿಗಾಗಿಯೇ.

2005ರ ಉದ್ಯೋಗ ಖಾತ್ರಿ ಕಾಯ್ದೆ ಎರಡನೇ ಹಂತದಲ್ಲಿ, 2007ರಲ್ಲಿ, ನಮ್ಮ ಜಿಲ್ಲೆಗೆ ಬಂತು. ಪಂಚಾಯಿತಿ ಕಾರ್ಯದರ್ಶಿಯಾಗಿ ನಾನು ಕೆಲಸ ಕೇಳುವ ಅರ್ಜಿಯಾದ ನಮೂನೆ-6 ತುಂಬಿಸಿಕೊಂಡವನು. ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಆ ಕಾಯ್ದೆ ಹೇಳಿತು: ಮೊದಲ 30 ದಿನ ಕೂಲಿಯ ಕಾಲು ಭಾಗ, ನಂತರ ಅರ್ಧ. ಬೇಡಲು ಬಂದವನನ್ನು ಪರೀಕ್ಷಿಸುವ ಕಾಲ ಮುಗಿದು, ಕೊಡಬೇಕಾದವರನ್ನು ಪರೀಕ್ಷಿಸುವ ಕಾಲ ಬಂತೆಂದು ನನಗೆ ಅಭಿಮಾನವೆನಿಸಿತ್ತು.

ಆದರೆ ಆ 15 ದಿನ ಎಣಿಸುವುದು ರಸೀದಿಯ ಮೇಲಿನ ದಿನಾಂಕದಿಂದ. ಅರ್ಜಿ ಬಾಯಿಮಾತಿನಲ್ಲೇ ಉಳಿದ ಕಡೆ, ಕೆಲಸ ಮಂಜೂರಾದ ಮೇಲೆ ಹಿಂದಿನಿಂದ ಬೇಡಿಕೆ ಬರೆಸಿಕೊಂಡ ಕಡೆ ಕೂಲಿಯವರು ಪಟ್ಟ ಪಾಡು ನೋಡಿದ್ದೇನೆ. ರಸೀದಿ ಇಲ್ಲದಿದ್ದರೆ ಭತ್ಯೆ ಇಲ್ಲ. ಬೇಡಿಕೆಯೂ ಇಲ್ಲವೆಂದು ಕಡತ ಹೇಳುತ್ತದೆ. ಹಳ್ಳಿಯ ಗಂಡಾಳುಗಳೆಲ್ಲ ಗೋವಾದ ಕಟ್ಟಡ ಕೆಲಸಕ್ಕೆ ಗುಳೆ ಹೋದ ತಿಂಗಳಲ್ಲೂ ಆ ಊರು ಕಾಗದದ ಮೇಲೆ ಸುಖವಾಗಿರುತ್ತದೆ. ಮನೆಯಲ್ಲಿ ಬಿದ್ದವರನ್ನು ಕಾಣದ 1883ರ ಕುರುಡು ಇಂದಿಗೂ ಉಳಿದಿರುವುದು ಹೀಗೆ.

ಆದ್ದರಿಂದ ಕೆಲಸ ಕೇಳುವ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ನನ್ನ ಮಾತು ಇಷ್ಟೇ: ಬಾಯಲ್ಲಿ ಕೇಳಿ ತಿರುಗಿ ಬರಬೇಡಿ. ಬರೆದು ಕೊಡಿ, ದಿನಾಂಕ ಹಾಕಿದ ರಸೀದಿ ಪಡೆಯಿರಿ. ಪಂಚಾಯಿತಿಯಲ್ಲಿ ಕೂತವರೇ, ಅದನ್ನು ಅದೇ ದಿನ ಕೊಡಿ. ಅದು ನಿಮ್ಮ ಕೃಪೆಯಲ್ಲ, ಅವರ ಹಕ್ಕು.