ಕಛ್: ನೆಲ, ನೀರು, ಇತಿಹಾಸ

ಗುಜರಾತಿನ ವಾಯವ್ಯ ಅಂಚಿನಲ್ಲಿರುವ ಕಛ್, 45,674 ಚದರ ಕಿಲೋಮೀಟರ್ ವಿಸ್ತೀರ್ಣದ, ಭಾರತದ ಅತಿ ದೊಡ್ಡ ಜಿಲ್ಲೆ. ದಕ್ಷಿಣಕ್ಕೆ ಕಛ್ ಕೊಲ್ಲಿ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಉತ್ತರ ಮತ್ತು ಪೂರ್ವಕ್ಕೆ ‘ರಣ್’ ಎಂಬ ಉಪ್ಪಿನ ಬಯಲು. ಮಳೆಗಾಲದಲ್ಲಿ ನೀರು ನಿಲ್ಲುವ ರಣ್, ಚಳಿಗಾಲದ ಹೊತ್ತಿಗೆ ಆರಿ ಬೆಳ್ಳಗಾಗುತ್ತದೆ. ನೀರು ಬಂದದ್ದು, ಬತ್ತಿದ್ದು, ದಾರಿ ಬದಲಿಸಿದ್ದು – ಇವೇ ಈ ನಾಡಿನ ಚರಿತ್ರೆಯ ತಿರುವುಗಳು.

ಇತಿಹಾಸ: ರಣ್ ನಡುವಿನ ಖದಿರ್ ದ್ವೀಪದ ಧೋಲಾವೀರ, ಸಿಂಧೂ ನಾಗರಿಕತೆಯ ದೊಡ್ಡ ನಗರಗಳಲ್ಲೊಂದು. 1990ರಿಂದ ಪುರಾತತ್ತ್ವಜ್ಞ ಆರ್.ಎಸ್. ಬಿಷ್ಟ್ ನೇತೃತ್ವದಲ್ಲಿ ನಡೆದ ಉತ್ಖನನ ಅಲ್ಲಿನ ಜಲವ್ಯವಸ್ಥೆಯನ್ನು ಬೆಳಕಿಗೆ ತಂದಿತು. ಮಳೆಗಾಲದಲ್ಲಷ್ಟೇ ಹರಿಯುವ ಮಾನ್ಸರ್, ಮನ್ಹರ್ ತೊರೆಗಳಿಗೆ ಒಡ್ಡು ಕಟ್ಟಿ, ನೀರನ್ನು ವಿಶಾಲ ಕೊಳಗಳಿಗೆ ಹಾಯಿಸಿಕೊಂಡಿದ್ದರು. 2021ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು.

16ನೆಯ ಶತಮಾನದಲ್ಲಿ ಜಾಡೇಜಾ ವಂಶದ ದೊರೆ ಒಂದನೆಯ ಖೇಂಗಾರ್ಜಿ ಭುಜ್ ನಗರವನ್ನು ರಾಜಧಾನಿ ಮಾಡಿಕೊಂಡ. 18ನೆಯ ಶತಮಾನದ ದೊರೆ ರಾವ್ ಲಖ್ಪತ್‌ಜಿ ಬ್ರಜಭಾಷಾ ಕಾವ್ಯಶಾಲೆ ತೆರೆದ. ಅವನಿಗಾಗಿ ಕುಶಲಕರ್ಮಿ ರಾಮ್‌ಸಿಂಗ್ ಮಾಲಮ್ ಕನ್ನಡಿಗಳ ಅರಮನೆ ಆಯ್ನಾ ಮಹಲ್ ರೂಪಿಸಿದ. 1819ರ ಜೂನ್ 16ರ ಭೂಕಂಪದಲ್ಲಿ ಸಿಂದ್ರಿ ಕೋಟೆ ನೀರಿನಲ್ಲಿ ಮುಳುಗಿತು. ಸಿಂಧೂ ನದಿಯ ಕವಲಿಗೆ ಅಡ್ಡಲಾಗಿ ನೆಲವೇ ದಿಣ್ಣೆಯಾಗಿ ಎದ್ದಿತು. ಜನ ಅದನ್ನು ‘ಅಲ್ಲಾ ಬಂದ್’, ದೇವರು ಕಟ್ಟಿದ ಒಡ್ಡು, ಎಂದರು. ನದಿಯ ನೀರು ತಪ್ಪಿದ್ದರಿಂದ ಬಂದರು ಪಟ್ಟಣ ಲಖ್ಪತ್ ಕ್ರಮೇಣ ಬರಿದಾಯಿತು. 1948ರಲ್ಲಿ ಭಾರತದ ಆಡಳಿತಕ್ಕೆ ಸೇರಿದ ಕಛ್, 1956ರಲ್ಲಿ ಮುಂಬಯಿ ರಾಜ್ಯಕ್ಕೂ 1960ರಲ್ಲಿ ಗುಜರಾತಿಗೂ ಸೇರಿತು.

2001ರ ಜನವರಿ 26ರ ಭೂಕಂಪದಲ್ಲಿ ಭುಜ್, ಭಚಾವು, ಅಂಜಾರ್ ನೆಲಸಮವಾದರೂ ‘ಭುಂಗಾ’ ಎಂಬ ದುಂಡನೆಯ ಮಣ್ಣಿನ ಗುಡಿಸಲುಗಳು ಹೆಚ್ಚಾಗಿ ತಾಳಿಕೊಂಡವು. ಅಜ್ರಖ್ ಬಟ್ಟೆಯ ಅಚ್ಚುಗಾರರ ಊರು ಧಮಡ್ಕಾದಲ್ಲಿ ನೀರಿನ ಗುಣವೇ ಕೆಟ್ಟಿತು. ಬಣ್ಣ ಕೂರಲು ಒಳ್ಳೆಯ ನೀರು ಬೇಕು. ಹಾಗಾಗಿ ಅಚ್ಚುಗಾರರಾದ ಹಲವು ಖತ್ರಿ ಕುಟುಂಬಗಳು ಭುಜ್ ಬಳಿ ಅಜ್ರಖ್‌ಪುರವೆಂಬ ಹೊಸ ಊರನ್ನೇ ಕಟ್ಟಿಕೊಂಡವು.

ಸಂಸ್ಕೃತಿ: ಆಡುನುಡಿ ಕಚ್ಛಿ, ಸಿಂಧಿಗೆ ಹತ್ತಿರದ್ದು. ಬನ್ನಿ ಹುಲ್ಲುಗಾವಲಿನ ಪಶುಪಾಲಕರಾದ ಮಾಲ್ಧಾರಿಗಳು ಎಮ್ಮೆಗಳನ್ನು ರಾತ್ರಿ ಮೇಯಲು ಬಿಡುತ್ತಾರೆ. ಕಸೂತಿ, ನಿರೋಣಾದ ರೋಗನ್ ಚಿತ್ರಕಲೆ, ಮಾಂಡ್ವಿಯ ಮರದ ಹಡಗುಗಳು ಹೆಸರಾಗಿವೆ.

ಪ್ರವಾಸ: ನವೆಂಬರ್‌ನಿಂದ ಫೆಬ್ರವರಿ ಸೂಕ್ತ ಕಾಲ. ಧೋರ್ಡೊದ ಬಿಳಿ ರಣ್, 462 ಮೀಟರ್ ಎತ್ತರದ ಕಾಲಾ ಡುಂಗರ್, ಚಿಕ್ಕ ರಣ್‌ನ ಕಾಡುಕತ್ತೆಗಳು ಮುಖ್ಯ ಆಕರ್ಷಣೆ. ಆದರೆ ಕಚ್ಛಿಗಳ ಹೊಸ ವರ್ಷ ಈ ಬಿಳಿ ಋತುವಿನದಲ್ಲ. ಅದು ಮಳೆ ಕಾಲಿಡುವ ಆಷಾಢ ಶುದ್ಧ ಬಿದಿಗೆಯಂದು.